ಚೀಟಿಯಿಲ್ಲದೆ ಕೈಸೇರುವ ಮಾತ್ರೆ: ಔಷಧ ವರ್ತಕರೂ ಕಾರ್ಖಾನೆ ಮಾಲೀಕರೂ ಗಮನಿಸಬೇಕಾದ ವಿಷಯ

ಮಾದಕ ವ್ಯಸನದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಕಣ್ಣಮುಂದೆ ನಿಲ್ಲುವುದು ಗಾಂಜಾ, ಮದ್ಯ, ಗುಟ್ಕಾ ಇವೇ. ಆದರೆ ಪರವಾನಗಿ ಪಡೆದ ಕಾರ್ಖಾನೆಯಲ್ಲಿ ತಯಾರಾಗಿ, ತೆರಿಗೆ ತೆತ್ತು, ಬಿಲ್ಲಿನೊಡನೆ ಅಂಗಡಿಗೆ ಬಂದು, ಗಾಜಿನ ಕಪಾಟಿನಲ್ಲಿ ಸಾಲಾಗಿ ಕುಳಿತಿರುವ ಸರಕೂ ಅದೇ ಕೆಲಸಕ್ಕೆ ಬಳಕೆಯಾಗುತ್ತದೆ ಎಂಬುದನ್ನು ವ್ಯಾಪಾರೋದ್ಯಮದಲ್ಲಿರುವ ನಾವು ಅಷ್ಟಾಗಿ ಯೋಚಿಸಿರುವುದಿಲ್ಲ. ನಿದ್ರೆಮಾತ್ರೆ, ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪುಗಳ ವಿಚಾರ ಪತ್ರಿಕೆಗಳಲ್ಲಿ ಆಗಾಗ ಬರುವುದುಂಟು. ಪ್ರಸ್ತುತ ಲೇಖನದ ವಿಷಯ ಅವುಗಳಿಗಿಂತ ಕಡಿಮೆ ಚರ್ಚೆಯಾಗಿರುವ ಚಿತ್ತವಿಕಲತೆಯ ಔಷಧಗಳು, ಅಂದರೆ ವೈದ್ಯರು ಆಂಟಿಸೈಕೋಟಿಕ್ ಎಂದು ಕರೆಯುವ ಹ್ಯಾಲೊಪೆರಿಡಾಲ್, ಒಲಾಂಜಪೀನ್, ಕ್ವೆಟಿಯಾಪೀನ್, ರಿಸ್ಪೆರಿಡೋನ್ ಮುಂತಾದವು. ಈ ಲೇಖಕನಿಗೆ ಇವುಗಳ ಪರಿಚಯವಾದದ್ದು ಪುಸ್ತಕದಿಂದಲ್ಲ.

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಚಿಕ್ಕ ಎರಕದ ಘಟಕವಿದೆ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಲೋಹ ಹೊಯ್ಯುವ ಸಮಯಕ್ಕೆ, ಮೋಲ್ಡಿಂಗ್ ವಿಭಾಗದ ಹುಡುಗನೊಬ್ಬ ಕುಳಿತಲ್ಲಿಂದ ಎದ್ದವನೇ ಕುಸಿದು ಬಿದ್ದ. ಕರಗಿದ ಕಬ್ಬಿಣ ತುಂಬಿದ್ದ ಲ್ಯಾಡಲ್ ಆತನಿಂದ ನಾಲ್ಕೇ ಹೆಜ್ಜೆ ದೂರದಲ್ಲಿತ್ತು. ಮೇಸ್ತ್ರಿ ಹಿಡಿದು ಎಳೆಯದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಯಲೂ ಮನಸ್ಸು ಹಿಂಜರಿಯುತ್ತದೆ. ಮೈ ಮುಟ್ಟಿದರೆ ಕೆಂಡ, ಚರ್ಮ ಒಣಗಿದಂತಿತ್ತು, ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ಪಕ್ಕದಲ್ಲಿ ಅದೇ ಕೆಲಸ ಮಾಡುತ್ತಿದ್ದವರೆಲ್ಲ ತೊಯ್ದು ತೊಪ್ಪೆಯಾಗಿದ್ದರು.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಎರಡನೆಯ ಪ್ರಶ್ನೆಯೇ "ಇವನು ಏನು ಮಾತ್ರೆ ತೆಗೆದುಕೊಳ್ಳುತ್ತಾನೆ?" ಎಂಬುದು. ನಮಗೆ ಗೊತ್ತಿರಲಿಲ್ಲ. ಆತನ ಊಟದ ಡಬ್ಬಿಯ ಚೀಲದಲ್ಲಿ ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿದ ಸ್ಟ್ರಿಪ್ಪೊಂದು ಸಿಕ್ಕಿತು. ಹೆಸರಿದ್ದ ಭಾಗ ಇರಲಿಲ್ಲ. ಆತನ ಗೆಳೆಯರನ್ನು ಗದರಿಸಿ ವಿಚಾರಿಸಿದ ಮೇಲೆ ತಿಳಿದದ್ದಿಷ್ಟು: ಸಂಜೆ ಕುಡಿತದ ಜೊತೆಗೆ "ಒಳ್ಳೆ ಮಂಪರು ಬರುತ್ತೆ" ಎಂದು ಯಾರೋ ಕೊಟ್ಟ ಮಾತ್ರೆ. ಮುಗಿದ ಮೇಲೆ ಒಂದು ಅಂಗಡಿಯಲ್ಲಿ ಖಾಲಿ ಸ್ಟ್ರಿಪ್ ತೋರಿಸಿ ಮತ್ತೆ ಕೊಂಡಿದ್ದಾರೆ. ಯಾವ ಚೀಟಿಯನ್ನೂ ಅಲ್ಲಿ ಕೇಳಿರಲಿಲ್ಲ. ಅದು ಚಿತ್ತವಿಕಲತೆಗೆ ಕೊಡುವ ಔಷಧವೆಂದು ವೈದ್ಯರು ಹೇಳಿದಾಗ ಹುಡುಗನ ತಂದೆ "ನಮ್ಮ ಹುಡುಗನಿಗೆ ಹುಚ್ಚಿಲ್ಲ ಸ್ವಾಮಿ" ಎಂದು ಅತ್ತರು. ನಾಲ್ಕು ದಿನಗಳ ನಂತರ ಹುಡುಗ ಚೇತರಿಸಿಕೊಂಡ. ಅದು ಆತನ ಅದೃಷ್ಟ, ನನ್ನದೂ ಹೌದು.

ಬೆವರದ ಮೈ, ಏರುವ ತಾಪ

ಆ ಹುಡುಗ ಬೆವರಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಈ ಔಷಧಗಳ ಇತಿಹಾಸದಲ್ಲೇ ಇದೆ. ಇವುಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಜೀನ್ 1950ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ರೋನ್-ಪೂಲೆಂಕ್ ಎಂಬ ರಾಸಾಯನಿಕ ಸಂಸ್ಥೆಯಲ್ಲಿ ತಯಾರಾಯಿತು. ಅದನ್ನು ಮೊದಲು ಬಳಸಿದವರಲ್ಲೊಬ್ಬರಾದ ಶಸ್ತ್ರವೈದ್ಯ ಆನ್ರಿ ಲಬೊರಿ ಮಾನಸಿಕ ರೋಗಕ್ಕಾಗಿ ಅದನ್ನು ಹುಡುಕಿದವರಲ್ಲ. ಶಸ್ತ್ರಚಿಕಿತ್ಸೆಯ ವೇಳೆ ದೇಹವು ತನ್ನ ತಾಪವನ್ನು ತಾನೇ ಕಾಯ್ದುಕೊಳ್ಳುವ ವ್ಯವಸ್ಥೆಯನ್ನು ಸಡಿಲಿಸಿ, ರೋಗಿಯನ್ನು ತಂಪಾಗಿಸಿ, ಒಂದು ಬಗೆಯ ಕೃತಕ ಶೀತನಿದ್ರೆಯಲ್ಲಿ ಇಡುವುದು ಅವರ ಉದ್ದೇಶವಾಗಿತ್ತು. ಔಷಧ ಪಡೆದವರು ಎಚ್ಚರವಿದ್ದೂ ಸುತ್ತಲಿನ ಯಾವುದಕ್ಕೂ ಕಳವಳಪಡದೆ ಇರುತ್ತಿದ್ದುದನ್ನು ಅವರು ಗಮನಿಸಿದರು. 1952ರಲ್ಲಿ ಪ್ಯಾರಿಸ್ಸಿನ ಡೆಲೆ ಮತ್ತು ಡೆನಿಕರ್ ಎಂಬ ಮನೋವೈದ್ಯರು ಅದನ್ನು ಚಿತ್ತವಿಕಲತೆಯ ರೋಗಿಗಳಿಗೆ ಕೊಟ್ಟು ಯಶಸ್ಸು ಕಂಡರು.

ಅಂದರೆ ದೇಹದ ತಾಪನಿಯಂತ್ರಣವನ್ನು ಕೆಡಿಸುವ ಗುಣ ಈ ಔಷಧವರ್ಗಕ್ಕೆ ಹುಟ್ಟಿನಿಂದಲೇ ಬಂದದ್ದು. ತಂಪಾದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮೈ ತಣ್ಣಗಾಗುತ್ತದೆ. ಸುಮಾರು 1400 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಕಬ್ಬಿಣದ ಮುಂದೆ ನಿಂತಾಗ ಅದೇ ಮೈ ಕಾದು, ಬೆವರಿನಿಂದ ತಣಿಯುವ ದಾರಿಯೇ ಕಟ್ಟಿಹೋಗುತ್ತದೆ. ಈ ಔಷಧಗಳೊಡನೆ ಅಡ್ಡಪರಿಣಾಮ ತಡೆಯಲೆಂದು ವೈದ್ಯರು ಬರೆಯುವ ಟ್ರೈಹೆಕ್ಸಿಫೆನಿಡಿಲ್ ಎಂಬ ಮಾತ್ರೆ ಬೆವರನ್ನು ಇನ್ನಷ್ಟು ಒಣಗಿಸುತ್ತದೆ. ಅದನ್ನೂ ಮತ್ತಿಗಾಗಿ ನುಂಗುವವರಿದ್ದಾರೆ. ಭಾರತದ ಮನೋವೈದ್ಯರು ಅದರ ವ್ಯಸನದ ಪ್ರಕರಣಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ. ಅತಿಯಾದರೆ ಬಾಯಿ ಒಣಗಿ, ಕಣ್ಣು ಮಂಜಾಗಿ, ಎದುರಿಗಿಲ್ಲದ್ದು ಕಾಣಿಸಿ, ನೆನಪು ಅಳಿಸಿಹೋಗುತ್ತದೆ.

1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದಂದಿನಿಂದ ಕುಲುಮೆಯ ಬಿಸಿ ಈ ಸೀಮೆಯವರಿಗೆ ಹೊಸತಲ್ಲ. ಮಜ್ಜಿಗೆ, ಉಪ್ಪು ಬೆರೆಸಿದ ನೀರು, ನೆರಳಿನ ಸರದಿ ಇವೆಲ್ಲ ನಮ್ಮ ಹಿರಿಯ ಕಾರ್ಮಿಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬೆವರುವ ಮೈಗೆ ಮಾಡಿದ ಈ ಏರ್ಪಾಟುಗಳೆಲ್ಲ ಬೆವರದ ಮೈಗೆ ಸಾಲುವುದಿಲ್ಲ. ಅಕ್ಕಿ ಗಿರಣಿಯ ಬಾಯ್ಲರ್, ಬೇಕರಿಯ ಒಲೆ, ಮೇ ತಿಂಗಳಲ್ಲಿ ತಗಡಿನ ಸೂರಿನ ಕೆಳಗಿನ ಗೋದಾಮು, ಎಲ್ಲೆಡೆಯೂ ಇದೇ ಮಾತು.

ಮತ್ತೊಂದು ಸಂಗತಿಯನ್ನು ಶಿಫ್ಟ್ ನಡೆಸುವವರು ವಿಶೇಷವಾಗಿ ಗಮನಿಸಬೇಕು. "ರಾತ್ರಿ ತಾನೇ ತೆಗೆದುಕೊಂಡದ್ದು, ಬೆಳಿಗ್ಗೆ ಇಳಿದಿರುತ್ತದೆ" ಎಂಬ ಲೆಕ್ಕ ಮದ್ಯಕ್ಕೆ ಒಂದು ಮಟ್ಟಿಗೆ ಸಲ್ಲಬಹುದು. ಒಲಾಂಜಪೀನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 30 ಗಂಟೆ ಬೇಕು. ಭಾನುವಾರ ರಾತ್ರಿಯ ಮಾತ್ರೆ ಸೋಮವಾರದ ಇಡೀ ಪಾಳಿಯಲ್ಲಿ ಮೈಯೊಳಗೇ ಇರುತ್ತದೆ. ಕುಳಿತವನು ಎದ್ದೊಡನೆ ರಕ್ತದೊತ್ತಡ ಥಟ್ಟನೆ ಕುಸಿದು ಕಣ್ಣು ಕತ್ತಲಿಡುವುದು ಈ ಔಷಧಗಳ ಸಾಮಾನ್ಯ ಲಕ್ಷಣ. ಲೇತ್ ಮುಂದೆ, ಪ್ರೆಸ್ ಮುಂದೆ, ಅಡಿಕೆ ಮಂಡಿಯಲ್ಲಿ ಚೀಲ ಹೊತ್ತ ಹಮಾಲನ ಏಣಿಯ ಮೇಲೆ, ಆಗುಂಬೆ ಘಾಟಿಯ ತಿರುವಿನಲ್ಲಿ ಲಾರಿಯ ಸ್ಟೇರಿಂಗ್ ಹಿಂದೆ ಆ ಒಂದು ಕ್ಷಣಕ್ಕೆ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಸುಖವಿಲ್ಲದ ಮತ್ತು

ವಿಚಿತ್ರವೆಂದರೆ ಈ ಔಷಧಗಳಲ್ಲಿ ಉಲ್ಲಾಸ ಕೊಡುವ ಗುಣವೇ ಇಲ್ಲ. ಮಿದುಳಿನಲ್ಲಿ ಸಂತೋಷ, ಉತ್ಸಾಹಗಳಿಗೆ ಸಂಬಂಧಿಸಿದ ಡೋಪಮೀನ್ ಎಂಬ ರಾಸಾಯನಿಕದ ಕೆಲಸಕ್ಕೆ ಇವು ತಡೆಯೊಡ್ಡುತ್ತವೆ. ಹಾಗಿದ್ದೂ ನುಂಗುವವರು ಬಯಸುವುದು ಜಡತ್ವವನ್ನು, ಏನೂ ತೋರದಂತಾಗುವುದನ್ನು. ಕೆಲವರಿಗೆ ಬೇರೆ ಮಾದಕ ವಸ್ತುವಿನ ಉದ್ರೇಕವನ್ನು ಇಳಿಸಿಕೊಳ್ಳುವ ದಾರಿಯೂ ಹೌದು. ಅಮೆರಿಕದ ಲಾಸ್ ಏಂಜಲೀಸ್ ಜಿಲ್ಲಾ ಕಾರಾಗೃಹದಲ್ಲಿ ಕೈದಿಗಳು ಕಿವಿಯಲ್ಲಿ ಧ್ವನಿ ಕೇಳಿಸುತ್ತದೆಂದು ನಟಿಸಿ ಕ್ವೆಟಿಯಾಪೀನ್ ಪಡೆದು ದುರ್ಬಳಕೆ ಮಾಡುತ್ತಿದ್ದುದನ್ನು ಅಲ್ಲಿನ ವೈದ್ಯರು 2004ರಲ್ಲಿ ವರದಿ ಮಾಡಿದರು. ಅದೇ ಔಷಧವನ್ನು ನಿದ್ರಾಹೀನತೆ, ಕೋಪ, ಆತಂಕ ಮುಂತಾದ ಅನುಮತಿಯಿಲ್ಲದ ಉಪಯೋಗಗಳಿಗೆ ಪ್ರಚಾರ ಮಾಡಿದ ಆರೋಪದ ಇತ್ಯರ್ಥಕ್ಕಾಗಿ ತಯಾರಕ ಸಂಸ್ಥೆ ಆಸ್ಟ್ರಾಜೆನೆಕಾ 2010ರಲ್ಲಿ ಅಮೆರಿಕ ಸರ್ಕಾರದೊಡನೆ 52 ಕೋಟಿ ಡಾಲರುಗಳ ಒಪ್ಪಂದಕ್ಕೆ ಬರಬೇಕಾಯಿತು. ದೊಡ್ಡ ಸಂಸ್ಥೆಯೂ "ನಿದ್ರೆಗೆ ಒಳ್ಳೆಯದು" ಎಂಬ ಮಾತಿಗೆ ದಂಡ ತೆತ್ತಿದೆ ಎಂಬುದನ್ನು ಕೌಂಟರಿನ ಹಿಂದೆ ನಿಲ್ಲುವ ನಮ್ಮ ಹುಡುಗರು ತಿಳಿದಿದ್ದರೆ ಒಳಿತು.

ಅಪಾಯಗಳು ಇನ್ನೂ ಇವೆ. ಹ್ಯಾಲೊಪೆರಿಡಾಲ್‌ನಂತಹ ಔಷಧ ನುಂಗಿದ ಕೆಲ ಗಂಟೆ ಅಥವಾ ಕೆಲ ದಿನಗಳಲ್ಲಿ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿ, ನಾಲಿಗೆ ಹೊರಚಾಚಿ ನಿಲ್ಲಬಹುದು. ತರುಣರಲ್ಲಿ ಇದು ಹೆಚ್ಚು. ಆಸ್ಪತ್ರೆಗೆ ಒಯ್ದರೆ ಒಂದು ಚುಚ್ಚುಮದ್ದಿಗೆ ಹೆಚ್ಚಾಗಿ ಬೇಗನೆ ಸರಿಹೋಗುವ ಈ ಸ್ಥಿತಿಯನ್ನು ಗಾಳಿ ಸೋಕಿದೆಯೆಂದು ಭಾವಿಸಿ ತಾಯಿತ ಕಟ್ಟಿಸಲು ಓಡುವವರೂ ಇದ್ದಾರೆ. ಹೃದಯದ ಲಯ ತಪ್ಪುವ ಸಾಧ್ಯತೆಯೂ ಇರುವುದರಿಂದಲೇ ವೈದ್ಯರು ಕೆಲವರಿಗೆ ಈ ಔಷಧ ಆರಂಭಿಸುವ ಮುನ್ನ ಇಸಿಜಿ ಮಾಡಿಸುತ್ತಾರೆ. ಸಂಜೆಯ ಗೋಷ್ಠಿಯಲ್ಲಿ ಯಾವ ಇಸಿಜಿಯೂ ಇರುವುದಿಲ್ಲ. ಮದ್ಯದೊಡನೆ ಸೇರಿದಾಗ ಎರಡೂ ಒಂದನ್ನೊಂದು ಬಲಪಡಿಸುತ್ತವೆ. ಮಲಗಿದವನಿಗೆ ವಾಂತಿಯಾಗಿ ಅದು ಶ್ವಾಸನಾಳಕ್ಕೆ ಇಳಿದರೆ ಕೆಮ್ಮಿ ಹೊರಹಾಕುವ ಎಚ್ಚರವೂ ಉಳಿದಿರುವುದಿಲ್ಲ. ಅಪರೂಪಕ್ಕೆ, ಮೈ ಮರದಂತೆ ಬಿಗಿದು ಜ್ವರ ಏರುತ್ತಾ ಹೋಗಿ ಪ್ರಾಣಕ್ಕೇ ಸಂಚಕಾರ ತರುವ ಸ್ಥಿತಿ ಒದಗುತ್ತದೆ.

ಕೆಲಸದ ಜಾಗದಲ್ಲಿ ಯಾರಾದರೂ ಹೀಗೆ ಬಿದ್ದರೆ ಬಿಸಿಲು-ಬಿಸಿಯಿಂದ ದೂರ ಸರಿಸಿ, ಒಂದು ಮಗ್ಗುಲಿಗೆ ಮಲಗಿಸಿ, ಮೈ ಸುಡುತ್ತಿದ್ದರೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಬೇಕು. ವಾಂತಿ ಮಾಡಿಸಲು ಹೋಗಬಾರದು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರನ್ನೂ ಹಾಕಬಾರದು. 108ಕ್ಕೆ ಕರೆ ಮಾಡಿ, ಸಿಕ್ಕಿದ ಸ್ಟ್ರಿಪ್ಪಿನ ಚೂರನ್ನು ಜೊತೆಗೆ ಕಳುಹಿಸಬೇಕು.

ಕಪಾಟಿನ ಈಚೆ

ಔಷಧ ವ್ಯಾಪಾರದಲ್ಲಿರುವ ಸದಸ್ಯ ಮಿತ್ರರಿಗೆ ಕಾನೂನು ಹೇಳಿಕೊಡುವುದು ಅಧಿಕಪ್ರಸಂಗವಾದೀತು. ಆದರೂ ಇತರ ಓದುಗರಿಗಾಗಿ ಸ್ವಲ್ಪ ವಿವರಿಸುವುದು ಅಗತ್ಯ. 1945ರ ಔಷಧ ಮತ್ತು ಕಾಂತಿವರ್ಧಕ ನಿಯಮಗಳ ಎಚ್ ಅನುಸೂಚಿಯ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ. ಚಿತ್ತವಿಕಲತೆಯ ಔಷಧಗಳು ಈ ಗುಂಪಿಗೆ ಸೇರುತ್ತವೆ. ಚೀಟಿಯಲ್ಲಿ ವೈದ್ಯರ ಸಹಿ, ದಿನಾಂಕ, ರೋಗಿಯ ಹೆಸರು-ವಿಳಾಸ, ಕೊಡಬೇಕಾದ ಪ್ರಮಾಣ ಇರಬೇಕು. ಕೊಟ್ಟ ಮೇಲೆ ಅಂಗಡಿಯ ಹೆಸರು, ವಿಳಾಸ, ದಿನಾಂಕಗಳನ್ನು ಚೀಟಿಯ ಮೇಲೆಯೇ ನಮೂದಿಸಬೇಕು. ವೈದ್ಯರು ಮತ್ತೆ ಕೊಡಬಹುದೆಂದು ಬರೆದಿರದಿದ್ದರೆ ಅದೇ ಚೀಟಿಗೆ ಎರಡನೆಯ ಸಲ ಕೊಡುವಂತಿಲ್ಲ. ಒಂದು ರಬ್ಬರ್ ಮೊಹರಿನ ಕೆಲಸ. ಎಷ್ಟು ಅಂಗಡಿಗಳಲ್ಲಿ ಆ ಮೊಹರು ಬೀಳುತ್ತದೆ ಎಂಬುದನ್ನು ಓದುಗರು ತಮ್ಮ ಮನೆಯ ಚೀಟಿಗಳನ್ನೇ ತೆಗೆದು ನೋಡಬಹುದು.

2014ರ ಮಾರ್ಚ್ 1ರಿಂದ ಎಚ್-1 ಎಂಬ ಇನ್ನೊಂದು ಅನುಸೂಚಿ ಜಾರಿಗೆ ಬಂದಿತು. ಆರಂಭದಲ್ಲಿ ಅದರಲ್ಲಿದ್ದ 46 ಔಷಧಗಳಲ್ಲಿ ಪ್ರತಿಜೈವಿಕಗಳ ಜೊತೆಗೆ ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್, ಟ್ರಮಡಾಲ್ ಮುಂತಾದವು ಸೇರಿದ್ದವು. ಇವುಗಳಿಗೆ ಪ್ರತ್ಯೇಕ ದಾಖಲೆ ಪುಸ್ತಕವಿಟ್ಟು, ವೈದ್ಯರ ಮತ್ತು ರೋಗಿಯ ಹೆಸರು, ಕೊಟ್ಟ ಪ್ರಮಾಣ ಬರೆದು, ಮೂರು ವರ್ಷ ಕಾಪಾಡಬೇಕು. ಆ ಪಟ್ಟಿಯಲ್ಲಿ ಹ್ಯಾಲೊಪೆರಿಡಾಲ್, ಒಲಾಂಜಪೀನ್, ಕ್ವೆಟಿಯಾಪೀನ್‌ಗಳ ಹೆಸರಿರಲಿಲ್ಲ. ಮಾದಕ ವಸ್ತು ನಿಯಂತ್ರಣದ 1985ರ ಕಾಯಿದೆಯ ಮನೋಪರಿಣಾಮಿ ವಸ್ತುಗಳ ಪಟ್ಟಿಗೂ ಇವು ಸೇರಿದವಲ್ಲ. ಇದರ ಪರಿಣಾಮ ಸರಳ. ನಿದ್ರೆಮಾತ್ರೆ ಕೇಳಿದವನಿಗೆ ಪುಸ್ತಕದ ಭಯದಿಂದ "ಇಲ್ಲ" ಎನ್ನುವ ಕೈ, ಒತ್ತಾಯ ಹೆಚ್ಚಾದಾಗ ಪಕ್ಕದ ಕಪಾಟಿನತ್ತ ಚಾಚುವ ಸಾಧ್ಯತೆ ಇದ್ದೇ ಇದೆ. ಪುಸ್ತಕ ಬೇಡದಿರುವುದೆಂದರೆ ಚೀಟಿಯೂ ಬೇಡವೆಂದಲ್ಲ. ಚೀಟಿಯಿಲ್ಲದೆ ಮಾರಿದರೆ ಪರವಾನಗಿ ಅಮಾನತು ಅಥವಾ ರದ್ದು ಮಾಡುವ ಅಧಿಕಾರ ಇಲಾಖೆಗೆ ಎಚ್ ವಿಷಯದಲ್ಲೂ ಇದೆ.

ನನ್ನ ಅಭಿಪ್ರಾಯದಲ್ಲಿ ನಿಯಮ ಬರುವವರೆಗೆ ಕಾಯದೆ, ಅಂಗಡಿಯವರು ತಮ್ಮ ಅನುಕೂಲಕ್ಕಾಗಿಯೇ ಈ ಔಷಧಗಳಿಗೂ ಒಂದು ನೂರು ಹಾಳೆಯ ಪುಸ್ತಕ ಇಡುವುದು ಲೇಸು. ಸ್ಟ್ರಿಪ್ ಕತ್ತರಿಸಲೇಬೇಕಾದಲ್ಲಿ ಹೆಸರು ಮತ್ತು ಅವಧಿಯ ದಿನಾಂಕ ಗಿರಾಕಿಯ ಕೈಗೆ ಹೋಗುವಂತೆ ಕತ್ತರಿಸಬೇಕು. ನಮ್ಮ ಹುಡುಗನ ಚೀಲದಲ್ಲಿ ಸಿಕ್ಕಿದ ಚೂರಿನ ಮೇಲೆ ಹೆಸರಿದ್ದಿದ್ದರೆ ವೈದ್ಯರಿಗೆ ಒಂದು ಗಂಟೆ ಉಳಿಯುತ್ತಿತ್ತು.

ನಾನು ಮಾಡಿದ ತಪ್ಪು

ಇಷ್ಟು ಹೇಳಿ ಲೇಖನ ಮುಗಿಸಬಹುದಾಗಿತ್ತು. ಆದರೆ ಘಟನೆಯ ಮಾರನೆಯ ದಿನ ನಾನು ಮಾಡಿದ ಕೆಲಸವನ್ನು ಮರೆಮಾಚುವುದು ಸರಿಯಲ್ಲ. ಎಲ್ಲ ಕಾರ್ಮಿಕರನ್ನೂ ಅಂಗಳದಲ್ಲಿ ನಿಲ್ಲಿಸಿ, ಇನ್ನು ಮುಂದೆ ಯಾರ ಬಳಿಯಾದರೂ ತಲೆಗೆ ಸಂಬಂಧಿಸಿದ ಮಾತ್ರೆ ಸಿಕ್ಕಿದರೆ ಅಂದೇ ಲೆಕ್ಕ ಚುಕ್ತಾ ಮಾಡಿ ಕಳುಹಿಸುವುದಾಗಿ ಘೋಷಿಸಿದೆ. ಫಲಕವನ್ನೂ ಬರೆಸಿ ಹಾಕಿದೆ. ಕಟ್ಟುನಿಟ್ಟಿನ ಯಜಮಾನನೆಂದು ಮನಸ್ಸಿನಲ್ಲೇ ಬೀಗಿದೆ.

ಐದಾರು ವಾರ ಕಳೆದಿರಬಹುದು. ಹನ್ನೊಂದು ವರ್ಷಗಳಿಂದ ನನ್ನಲ್ಲಿದ್ದ, ಒಂದು ದಿನವೂ ಮಾತು ಕೇಳಿಸಿಕೊಳ್ಳದಂತೆ ಕೆಲಸ ಮಾಡಿದ ಒಬ್ಬ ಕಾರ್ಮಿಕ ಇದ್ದಕ್ಕಿದ್ದಂತೆ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದ. ನಂತರ ಆತನ ಹೆಂಡತಿ ಬಂದು ಕಚೇರಿಯ ಬಾಗಿಲಲ್ಲಿ ನಿಂತರು. "ಮಾತ್ರೆ ಇಟ್ಕೊಂಡ್ರೆ ಕೆಲಸದಿಂದ ತೆಗೀತೀನಿ ಅಂದ್ರಂತಲ್ಲ ಸಾರ್. ಅವತ್ತಿಂದ ಇವ್ರು ಮಾತ್ರೆ ಮುಟ್ಟಿಲ್ಲ. ಈಗ ರಾತ್ರಿಯೆಲ್ಲ ಗೋಡೆ ಜೊತೆ ಮಾತಾಡ್ತಾರೆ" ಎಂದರು. ಆತನಿಗೆ ಇಪ್ಪತ್ತರ ಹರೆಯದಲ್ಲೇ ಸ್ಕಿಜೋಫ್ರೀನಿಯಾ, ಅಂದರೆ ಇಚ್ಛಿತ್ತ ವಿಕಲತೆ ಬಂದಿತ್ತು. ವೈದ್ಯರು ಬರೆದ ಮಾತ್ರೆಯನ್ನು ತಪ್ಪದೆ ಸೇವಿಸುತ್ತ ಆತ ಮದುವೆಯಾಗಿ, ಮಕ್ಕಳನ್ನು ಓದಿಸುತ್ತ, ನನ್ನ ಘಟಕದ ಅಚ್ಚಿನ ಪೆಟ್ಟಿಗೆಗಳ ಲೆಕ್ಕವನ್ನು ನನಗಿಂತ ಚೆನ್ನಾಗಿ ಇಟ್ಟಿದ್ದ. ನನಗೆ ಇದಾವುದೂ ತಿಳಿದಿರಲಿಲ್ಲ. ಹುಡುಗನನ್ನು ಬೀಳಿಸಿದ ಔಷಧವರ್ಗವೇ ಈತನನ್ನು ನಿಲ್ಲಿಸಿತ್ತು.

ಇದು ಒಬ್ಬ ಕಾರ್ಮಿಕನ ಕಥೆ ಮಾತ್ರವಲ್ಲ. ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಚ್ಛಿತ್ತ ವಿಕಲತೆಯ ರೋಗಿಗಳನ್ನು ಅವರ ಹಳ್ಳಿಗಳಲ್ಲೇ ಗುರುತಿಸಿ ಚಿಕಿತ್ಸೆ ಕೊಡಿಸುವ ಕಾರ್ಯಕ್ರಮ ನಡೆಸಿದೆ. ಔಷಧ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ಅಲ್ಲಿ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ಕೆಲಸ, ಸಂಸಾರ, ಜನಸಂಪರ್ಕಗಳಲ್ಲಿನ ಅಸಾಮರ್ಥ್ಯ ತಗ್ಗಿದ್ದುದು ಅದರಲ್ಲಿ ಕಂಡುಬಂದಿತು. ಶಿವಮೊಗ್ಗದಲ್ಲಿ ಮಾನಸ ನರ್ಸಿಂಗ್ ಹೋಂ ಕಟ್ಟಿದ, 2016ರಲ್ಲಿ ನಮ್ಮನ್ನಗಲಿದ ಡಾ. ಅಶೋಕ್ ಪೈ ಅವರು ಲೇಖನಗಳಿಂದಲೂ, 1988ರ "ಕಾಡಿನ ಬೆಂಕಿ"ಯಂತಹ ಚಲನಚಿತ್ರಗಳಿಂದಲೂ ಮನಸ್ಸಿನ ರೋಗವನ್ನು ಬಾಯಿಬಿಟ್ಟು ಮಾತನಾಡುವ ವಿಷಯವನ್ನಾಗಿ ಮಾಡಲು ದಶಕಗಳ ಕಾಲ ಶ್ರಮಿಸಿದರು. ಅಂತಹ ಊರಿನ ಉದ್ಯಮಿಯಾದ ನಾನು ಒಂದು ಫಲಕದಿಂದ ಒಬ್ಬನ ಬಾಯಿ ಮುಚ್ಚಿಸಿದ್ದೆ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಮತ್ತಿಗಾಗಿ ಮಾತ್ರೆ ಹುಡುಕುವವರಿಗೆ ಅಂಗಡಿಯ ಬಾಗಿಲು ಮುಚ್ಚಿದಾಗ ಅವರ ಕಣ್ಣು ರೋಗಿಯ ಮನೆಯ ಡಬ್ಬಿಯ ಮೇಲೆ ಬೀಳಬಹುದು. ಅತ್ತ ಅಂಗಡಿಯವರು ರೇಜಿಗೆ ಬೇಡವೆಂದು ಈ ಔಷಧಗಳನ್ನು ತರಿಸುವುದನ್ನೇ ಬಿಟ್ಟರೆ ತೀರ್ಥಹಳ್ಳಿ, ಹೊಸನಗರದ ರೋಗಿ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬರಬೇಕು. ಬರಲಾಗದ ತಿಂಗಳು ಮಾತ್ರೆ ತಪ್ಪುತ್ತದೆ. ಆದ್ದರಿಂದ ತರಿಸಬೇಡಿ ಎಂದು ಈ ಲೇಖನ ಹೇಳುತ್ತಿಲ್ಲ. ತರಿಸಿ, ಚೀಟಿ ತಂದವನಿಗೆ ಮುಖ ಗಂಟಿಕ್ಕದೆ ಕೊಡಿ, ತರದವನಿಗೆ ಕೊಡಬೇಡಿ.

ಪ್ರಸಂಗವಶಾತ್ ಒಂದು ಮಾತು. ಚಿತ್ತವಿಕಲತೆಗೆ ಸರ್ಪಗಂಧದ ಬೇರು ಉಪಯುಕ್ತವೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ, ಫ್ರಾನ್ಸಿನ ಔಷಧಕ್ಕಿಂತ ಎರಡು ದಶಕ ಮೊದಲು, ಬರೆದಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯವರು ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಆ ಬೇರನ್ನು "ಗಿಡಮೂಲಿಕೆ ತಾನೇ" ಎಂದು ಮನಬಂದಂತೆ ಕುಟ್ಟಿ ಕುಡಿಯುವುದೂ ಸಲ್ಲದು. ರಕ್ತದೊತ್ತಡ ಇಳಿಸುವ ಅದರ ಶಕ್ತಿ ಚಿಕ್ಕದಲ್ಲ.

ನಮ್ಮ ಕಾರ್ಮಿಕನನ್ನು ಆತನ ಮನೆಯವರು ಮತ್ತೆ ವೈದ್ಯರ ಬಳಿ ಕರೆದೊಯ್ದರು. ಮೊದಲಿನಂತಾಗಲು ಮೂರು ತಿಂಗಳು ಹಿಡಿಯಿತು. ಆ ಅವಧಿಯ ಸಂಬಳವನ್ನು ಕೊಟ್ಟೆನೆಂಬುದನ್ನು ಔದಾರ್ಯವೆಂದು ಹೇಳುತ್ತಿಲ್ಲ. ನಷ್ಟ ಮಾಡಿದವನು ತುಂಬಿಕೊಡುವುದು ವ್ಯಾಪಾರದ ರೀತಿ. ವೈದ್ಯರ ಸಲಹೆಯ ಮೇರೆಗೆ ಆತನಿಗೆ ಈಗ ಕುಲುಮೆಯ ಹತ್ತಿರದ ಕೆಲಸವಿಲ್ಲ. ಪ್ಯಾಟರ್ನ್ ಸ್ಟೋರಿನಲ್ಲಿ, ಕಿಟಕಿಯ ಪಕ್ಕ ಕೂರುತ್ತಾನೆ. ಬಿದ್ದ ಹುಡುಗನೂ ನಮ್ಮಲ್ಲೇ ಇದ್ದಾನೆ.

ಹಳೆಯ ಫಲಕ ತೆಗೆಸಿದೆ. ಹೊಸದರಲ್ಲಿ ಮೂರು ಸಾಲುಗಳಿವೆ. ವೈದ್ಯರ ಚೀಟಿಯ ಮೇಲೆ ಯಾವುದೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೇಸ್ತ್ರಿಗೆ ಅಥವಾ ನನಗೆ ಒಬ್ಬರೇ ಬಂದು ತಿಳಿಸಬಹುದು, ಅದರಿಂದ ಕೆಲಸಕ್ಕೆ ಧಕ್ಕೆಯಿಲ್ಲ ಎಂಬುದು ಮೊದಲನೆಯದು. ಚೀಟಿಯಿಲ್ಲದ ಮಾತ್ರೆ ತೆಗೆದುಕೊಂಡವರು ಅಂದು ಕುಲುಮೆಯ ಬಳಿ ಬರಬಾರದು, ಬಾರದಿದ್ದುದಕ್ಕೆ ಕಾರಣ ಕೇಳುವುದಿಲ್ಲ ಎಂಬುದು ಎರಡನೆಯದು. ಇದನ್ನು ನನ್ನ ಲೆಕ್ಕಪರಿಶೋಧಕರು ಈಗಲೂ ಒಪ್ಪುವುದಿಲ್ಲ. ಮೂರನೆಯ ಸಾಲಿನಲ್ಲಿ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗದ ಹೆಸರೂ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಕನ್ನಡದಲ್ಲೂ ಉಚಿತವಾಗಿ ಸಲಹೆ ನೀಡುವ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಯೂ ಇವೆ. ಫಲಕವನ್ನು ಕಚೇರಿಯ ಮುಂದೆ ಹಾಕಿಸಿಲ್ಲ. ಕುಡಿಯುವ ನೀರಿನ ಪಕ್ಕದಲ್ಲಿ ಹಾಕಿಸಿದ್ದೇನೆ. ಅಲ್ಲಾದರೆ ಓದುತ್ತ ನಿಂತವನನ್ನು ನೀರು ಕುಡಿಯಲು ನಿಂತವನೆಂದೇ ಎಲ್ಲರೂ ತಿಳಿಯುತ್ತಾರೆ.